ಅಸಂತೃಪ್ತ ಮಣ್ಣು

ಫೆಬ್ರವರಿ ೩, ಸೋಮವಾರ

ಮಾವನವರು ಬಂದಿಳಿದರು. ಬಲಗಣ್ಣಿಗೆ ಬಿಳಿ ಪಟ್ಟಿ, ಹೆಗಲಿಗೆ ಚೀಲ. ಪೊರೆ ತೆಗೆಸಿಕೊಂಡ ಕಣ್ಣು. ಒಂದು ತಿಂಗಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಓದುವಂತಿಲ್ಲ. ಮಾತಾಡಬಾರದು ಎಂದು ಮಾತ್ರ ಡಾಕ್ಟರು ಹೇಳಿಲ್ಲ. ಬಸ್ಸಿನಿಂದ ಇಳಿಯುವಷ್ಟರಲ್ಲಿ ಕಂಡಕ್ಟರನ ತಂಗಿಯ ಮದುವೆ ಮಾತುಕತೆ ಎಲ್ಲಿಗೆ ಬಂತೆಂದು ತಿಳಿದುಕೊಂಡಿದ್ದರು. ನಲವತ್ತು ವರ್ಷ ಟಿಂಬರ್ ಯಾರ್ಡಿನಲ್ಲಿ ಮರದ ದಿಮ್ಮಿಗಳನ್ನು ಹರಾಜು ಕೂಗಿದ ಗಂಟಲು. ಅವರು ಪಿಸುಗುಟ್ಟಿದರೂ ಪಕ್ಕದ ಮನೆಯವರು "ಏನಂದ್ರಿ?" ಎನ್ನುತ್ತಾರೆ.

ಇವರು, ನನ್ನ ಯಜಮಾನರು, ಬೇರೆ ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ಲಿಫ್ಟ್ ಕೂರಿಸುವ ಕೆಲಸದಲ್ಲಿ ಏಪ್ರಿಲ್ ಕೊನೆಯವರೆಗೂ ಸಿಕ್ಕಿಹಾಕಿಕೊಂಡಿದ್ದಾರೆ. "ಅಪ್ಪನ್ನ ಒಂದು ತಿಂಗಳು ನೋಡ್ಕೊ, ಅವರದ್ದೇನೂ ಗಲಾಟೆ ಇಲ್ಲ" ಎಂದು ಫೋನಿನಲ್ಲಿ ಹೇಳಿದರು. ಮಗನಿಗೆ ತಂದೆಯ ಪರಿಚಯ ಅಷ್ಟಾಗಿ ಇಲ್ಲವೆಂದು ಕಾಣುತ್ತದೆ. ನನಗೂ ಇಲ್ಲ. ಮದುವೆಯಾದ ಎಂಟು ವರ್ಷಗಳಲ್ಲಿ ಮಾವನವರ ಹತ್ತಿರ ನಾನು ಆಡಿರುವುದು ಎರಡೇ ಮಾತು: "ಚೆನ್ನಾಗಿದ್ದೀರಾ?", "ಊಟ ಆಯ್ತಾ?" ಈ ದಾಸ್ತಾನು ಇವತ್ತು ಸಂಜೆಯೊಳಗೇ ಮುಗಿಯಿತು. ಇನ್ನು ಒಂದು ತಿಂಗಳು ಬಾಕಿ ಇದೆ.

ಇವತ್ತೇ ನಮ್ಮ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಗುಡ್ಡದ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು. ಊರ ಹಿಂದಿನ ಗುಡ್ಡದ ನೆತ್ತಿಯ ಮೇಲೆ ಪುರಸಭೆಯವರು ಆಟದ ಮೈದಾನ ಮಾಡಿ, ಹುಲ್ಲು ಬೆಳೆಸಿ, ದಿನವೂ ನೀರು ಹಾಯಿಸಲಿದ್ದಾರಂತೆ. ಗುಡ್ಡದ ಬುಡದಲ್ಲಿ ಬೇಕರಿ ಸಾಲು ಎಂಬ ಒಂದೇ ಸಾಲಿನ ಮನೆಗಳಿವೆ. ಮೇಲೆ ಸುರಿದ ನೀರು ಒಳಗೆ ಎಲ್ಲಿಗೆ ಹೋಗುತ್ತದೆ, ಗುಡ್ಡ ನಿಲ್ಲುತ್ತದೋ ಇಲ್ಲವೋ ಎಂದು ನಮ್ಮ ಸಂಸ್ಥೆ ಹೇಳಬೇಕು. ಲೆಕ್ಕ ಮಾಡುವುದು ನಾನು. ಸಾರ್ವಜನಿಕ ಸಭೆಯಲ್ಲಿ ಮಂಡಿಸುವುದು ನನ್ನ ಹಿರಿಯ ಸಹೋದ್ಯೋಗಿ ನಗಣ್ಯ. ಇದು ಅವರ ಹೆಸರಲ್ಲ, ಅವರು ಅತಿ ಹೆಚ್ಚು ಬಳಸುವ ಪದ.

"ಅವರಿಗೆ ಧ್ವನಿ ಇದೆ" ಎಂದರು ನಿರ್ದೇಶಕರು. ನನಗಿಲ್ಲ, ನಿಜ. ಹೋದ ಸೆಮಿನಾರಿನಲ್ಲಿ ಎರಡನೇ ಸಾಲಿನವರು ಮೈಕ್ ಹಾಕಿ ಎಂದು ಕೇಳಿದ್ದರು. ಮೈಕ್ ಹಾಕಿಯೇ ಇತ್ತು.

ಫೆಬ್ರವರಿ ೫, ಬುಧವಾರ

ದಿನಕ್ಕೆ ನಾಲ್ಕು ಸಲ ಮಾವನವರ ಕಣ್ಣಿಗೆ ಹನಿ ಹಾಕಬೇಕು. ಮಧ್ಯಾಹ್ನದ್ದಕ್ಕೆ ಸಂಸ್ಥೆಯಿಂದ ನಡೆದೇ ಬರುತ್ತೇನೆ, ದೂರವಿಲ್ಲ. ಅವರು ಕುರ್ಚಿಗೊರಗಿ, ಪಟ್ಟಿ ಸರಿಸಿ, ಮುಖ ಮೇಲೆ ಮಾಡುತ್ತಾರೆ. ನಾನು ಅವರ ಮುಖ ಮುಟ್ಟದೆ, ಆದಷ್ಟು ದೂರ ನಿಂತು, ಮೇಲಿನಿಂದ ಗುರಿ ಇಡುತ್ತೇನೆ. ಇವತ್ತು ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕೆನ್ನೆಯಿಂದಿಳಿದು ಕಿವಿಗೆ ಹೋಯಿತು.

"ಕಿವಿ ಚೆನ್ನಾಗೇ ಕೇಳ್ಸುತ್ತಮ್ಮಾ, ಅದಕ್ಕೆ ಬೇಡ" ಎಂದರು.

ಆಮೇಲೆ ಕೇಳಿದರು, "ಆಫೀಸಲ್ಲಿ ನೀನು ಮಾಡೋದೇನು? ಇವನನ್ನ ಕೇಳಿದ್ರೆ ಮಣ್ಣು ಅಂತಾನೆ ಅಷ್ಟೆ."

"ಅಸಂತೃಪ್ತ ಮಣ್ಣಿನಲ್ಲಿ ನೀರಿನ ಹರಿವಿನ ಗಣಿತ ಮಾದರಿ" ಎಂದೆ.

"ಮಣ್ಣಿಗೂ ಅಸಂತೃಪ್ತಿಯಾ?"

"ಹಾಗಲ್ಲ ಮಾವ. ಮಣ್ಣಿನ ಕಣಗಳ ಮಧ್ಯೆ ಸಂದು ಇರುತ್ತಲ್ಲ, ಅದರಲ್ಲಿ ಪೂರ್ತಿ ನೀರು ತುಂಬಿದ್ರೆ ಸಂತೃಪ್ತ. ಸ್ವಲ್ಪ ನೀರು, ಸ್ವಲ್ಪ ಗಾಳಿ ಇದ್ರೆ ಅಸಂತೃಪ್ತ."

"ನನ್ನ ಮಗನೂ ಹಾಗೇ. ಮುಕ್ಕಾಲು ಗಾಳಿ."

ಮಾವನ ಎದುರು ಗಂಡನ ವಿಷಯಕ್ಕೆ ನಗಬಹುದೇ ಇಲ್ಲವೇ ಗೊತ್ತಾಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಕ್ಕು ಬಂದೆ.

ಫೆಬ್ರವರಿ ೧೧, ಮಂಗಳವಾರ

ಲೆಕ್ಕ ಕೂಡಿಬರುತ್ತಿಲ್ಲ.

ಕಂಪ್ಯೂಟರಿನೊಳಗೆ ಗುಡ್ಡವನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಕೊಯ್ದಿಟ್ಟಿದ್ದೇನೆ. ಮೇಲೆ ನೀರು ಸುರಿಯುತ್ತೇನೆ. ಒಂದೊಂದು ಪದರವೂ ತನ್ನ ಕೆಳಗಿನದಕ್ಕೆ ಎಷ್ಟು ಕೊಟ್ಟಿತು, ಎಷ್ಟು ಇಟ್ಟುಕೊಂಡಿತು ಎಂದು, ಸಮಯವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ತುಂಡುಮಾಡಿಕೊಂಡು, ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಬೇಕು. ಮಣ್ಣು ಮೊದಲೇ ತೇವವಾಗಿದ್ದರೆ ತೊಂದರೆಯಿಲ್ಲ. ಬೇಸಿಗೆಯಿಡೀ ಒಣಗಿದ ಮಣ್ಣಿನ ಮೇಲೆ ನೀರು ಸುರಿದಾಗ ಮೇಲಿನ ಪದರ ತೊಯ್ದು ತೊಪ್ಪೆ, ಅದರ ಕೆಳಗಿನದು ಎಲುಬಿನಷ್ಟು ಒಣಕಲು. ಆ ಗಡಿಯಲ್ಲಿ ನನ್ನ ಪ್ರೋಗ್ರಾಮಿಗೆ ಕಾಲು ನಡುಗುತ್ತದೆ. ಹೆಜ್ಜೆ ಸಣ್ಣದು ಮಾಡಿಕೊಳ್ಳುತ್ತದೆ, ಇನ್ನೂ ಸಣ್ಣದು ಮಾಡಿಕೊಳ್ಳುತ್ತದೆ, ಕೊನೆಗೆ ನಿಂತ ನೆಲದಲ್ಲೇ ಗುಟುಕುಗುಟುಕಾಗಿ ಉಸಿರಾಡುತ್ತ ಕೂತುಬಿಡುತ್ತದೆ.

ಹೇಗೋ ಮುಗಿದರೂ ಇನ್ನೊಂದು ರೋಗ. ನೂರು ಕೊಡ ಸುರಿದರೆ ತೊಂಬತ್ತಕ್ಕಷ್ಟೇ ಲೆಕ್ಕ ಸಿಗುತ್ತದೆ. ಉಳಿದ ಹತ್ತು ಕೊಡ ಗುಡ್ಡದಲ್ಲೂ ಇಲ್ಲ, ಹೊರಗೂ ಹರಿದಿಲ್ಲ.

ನಗಣ್ಯರಿಗೆ ತೋರಿಸಿದೆ. "ಹತ್ತು ತಾನೇ? ನಗಣ್ಯ" ಎಂದರು. ಹೋದ ವರ್ಷ ಅವರ ಸ್ಕೂಟರ್ ಕಳುವಾದಾಗಲೂ ಇದೇ ಪದ ಬಳಸಿದ್ದರು.

ಫೆಬ್ರವರಿ ೧೪, ಶುಕ್ರವಾರ

ಕೂಡಿಬರಲಿಲ್ಲ. ಹಾಲು ಉಕ್ಕಿತು.

ಫೆಬ್ರವರಿ ೧೯, ಬುಧವಾರ

ಓದುವಂತಿಲ್ಲದ್ದರಿಂದ ಮಾವನವರು ಬೇಸರದಿಂದ ಚಡಪಡಿಸುತ್ತಿದ್ದಾರೆ. "ಏನಾದ್ರೂ ಓದಿ ಹೇಳಮ್ಮಾ" ಎಂದರು. ಕೈಗೆ ಸಿಕ್ಕಿದ್ದು ನನ್ನ ವರದಿಯ ಕರಡು. ಅವರು ವರಾಂಡದ ಆ ತುದಿಯಲ್ಲಿ ಕಣ್ಣು ಮುಚ್ಚಿ ಕೂತರು, ನಾನು ಈ ತುದಿಯಲ್ಲಿ ಊಟದ ಮೇಜಿನ ಹತ್ತಿರ. ಎರಡು ವಾಕ್ಯ ಓದಿರಲಿಲ್ಲ, "ಹಿಂದಿನ ಸಾಲಿಗೆ ಕೇಳ್ಸಲ್ಲ" ಎಂದು ಕೂಗಿದರು. ಹಿಂದಿನ ಸಾಲಿನಲ್ಲೂ ಮುಂದಿನ ಸಾಲಿನಲ್ಲೂ ಇದ್ದದ್ದು ಅವರೊಬ್ಬರೇ.

"ನೀನು ಕೊನೇ ಪದ ನುಂಗ್ತೀಯ. ಹರಾಜಲ್ಲಿ ಕೊನೇ ಪದಾನೇ ಬೆಲೆ. ಅದನ್ನ ನುಂಗಿದ್ರೆ ಮರ ಬಿಟ್ಟಿ ಹೋದ ಹಾಗೆ."

ಇದು ಹರಾಜಲ್ಲ, ವಿಜ್ಞಾನ ಎಂದು ಹೇಳಬೇಕೆನಿಸಿತು. ಹೇಳಿದೆ ಕೂಡ. ಅವರಿಗೆ ಕೇಳಿಸಲಿಲ್ಲ. ಮೊದಲಿನಿಂದ ಜೋರಾಗಿ ಓದಿದೆ. ಕಾಣೆಯಾದ ನೀರಿನ ಭಾಗ ಬಂದಾಗ ಎದ್ದು ಕೂತರು.

"ಹತ್ತು ಕೊಡ ಅಂದ್ರೆ ಸಣ್ಣ ಮಾತಾ? ಎಲ್ಲಿಗೆ ಹೋಯ್ತು?"

"ಗೊತ್ತಿಲ್ಲ ಮಾವ."

"ಹೊರಗೆ ಬಂದಿಲ್ಲ ಅಂದ್ಮೇಲೆ ಗುಡ್ಡದೊಳಗೇ ಎಲ್ಲೋ ಇರ್ಬೇಕಲ್ಲ."

"ಇರ್ಬೇಕು" ಎಂದು ಹೇಳಿ ಪಾತ್ರೆ ತೊಳೆಯಲು ಹೋದೆ. ಅವರು ತುಂಬ ಹೊತ್ತು ಗುಡ್ಡದ ದಿಕ್ಕಿಗೆ ಒಂಟಿ ಕಣ್ಣು ನೆಟ್ಟು ಕೂತಿದ್ದರು.

ಫೆಬ್ರವರಿ ೨೫, ಮಂಗಳವಾರ

ಇವತ್ತಿನದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಚಹಾದ ಹೊತ್ತಿಗೆ ನಗಣ್ಯ ಬಂದು, "ನಿಮ್ಮ ಗುಡ್ಡದಲ್ಲಿ ಚಿಲುಮೆ ಸಿಕ್ತಂತೆ, ನಮಗೊಂದು ಮಾತು ಹೇಳೋದಲ್ವಾ?" ಎಂದರು. ಕಪ್ಪು ಅಲ್ಲೇ ಇಟ್ಟು ಬೇಕರಿ ಸಾಲಿಗೆ ಓಡಿದೆ.

ಸಾಲಿನ ಅರ್ಧ ಜನ ತಮ್ಮ ತಮ್ಮ ಹಿತ್ತಲಿನಲ್ಲಿ ಗುದ್ದಲಿ ಹಿಡಿದು ಅಗೆಯುತ್ತಿದ್ದರು. ನೀರು ತೋರಿಸುವವನೊಬ್ಬ ಕವೆಗೋಲು ಹಿಡಿದು, ಕಣ್ಣು ಮುಚ್ಚಿ, ಮನೆಯಿಂದ ಮನೆಗೆ ನಡೆಯುತ್ತಿದ್ದ. ಬೇಕರಿಯವನ ಹಿತ್ತಲಿನಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಮಾವನವರು. ಕೈಯಲ್ಲಿ ಬನ್ನು. ಕಣ್ಣಿನ ಪಟ್ಟಿಯಿಂದಾಗಿ ಏನೋ ದೊಡ್ಡ ತಜ್ಞರ ಹಾಗೆ ಕಾಣುತ್ತಿದ್ದರು. ವಾಕಿಂಗ್ ಎಂದು ದಿನವೂ ಹೋಗುತ್ತಿದ್ದದ್ದು ಇಲ್ಲಿಗೆ. ನೂರಕ್ಕೆ ಹತ್ತು ಕೊಡ ನೀರು ಗುಡ್ಡದೊಳಗೆ ಅಡಗಿದೆ, ನನ್ನ ಸೊಸೆಯೇ ಲೆಕ್ಕ ಹಾಕಿದ್ದಾಳೆ ಎಂದು ಇಡೀ ಸಾಲಿಗೆ ಸಾರಿದ್ದಾರೆ.

ಗುಡ್ಡದ ಬುಡ ಕೆರೆಯುವುದೆಂದರೆ ನಿಂತವನ ಕಾಲಡಿಯ ನೆಲ ಕೆರೆದ ಹಾಗೆ. "ಅಗೀಬೇಡಿ" ಎಂದೆ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಹೇಳಿದೆ. ಆಮೇಲೆ "ಎಲ್ಲರೂ ನಿಲ್ಲಿಸಿ" ಎಂದು ಯಾರೋ ಎಷ್ಟು ಜೋರಾಗಿ ಕೂಗಿದರೆಂದರೆ ಕವೆಗೋಲಿನವನು ಕಣ್ಣು ಬಿಟ್ಟ. ಕೂಗಿದ್ದು ನಾನೇ ಎಂದು ಅವರೆಲ್ಲ ನನ್ನತ್ತ ನೋಡಿದ ಮೇಲೆ ತಿಳಿಯಿತು.

ನೀರು ಕಳೆದಿರುವುದು ಗುಡ್ಡದಲ್ಲಲ್ಲ, ಕಂಪ್ಯೂಟರಿನಲ್ಲಿ, ಅದು ನನ್ನ ಲೆಕ್ಕದ ತಪ್ಪು ಎಂದು ವಿವರಿಸಿದೆ. ಇಸ್ತ್ರಿ ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ನಮ್ಮ ಗುಡ್ಡದ ನೀರು ನಿಮ್ಮ ಕಂಪ್ಯೂಟರಿಗೆ ಹೇಗೆ ಹೋಯ್ತು?"

ಉತ್ತರ ಹೊಳೆಯುವ ಮೊದಲೇ ಬೇಕರಿಯವನ ಗುಂಡಿಯ ಮೇಲ್ಬದಿ ದಡಕ್ಕನೆ ಕುಸಿಯಿತು. ಕವೆಗೋಲಿನವನು ಹಿಂದಕ್ಕೆ ಹಾರಿದ. ಕೋಲು ಮತ್ತು ಒಂದು ಚಪ್ಪಲಿ ಒಳಗೇ ಉಳಿದವು. ಎಲ್ಲರೂ ಗುದ್ದಲಿ ಗೋಡೆಗೆ ಒರಗಿಸಿದರು.

ಕುಸಿದ ಬದಿಯಲ್ಲಿ ಕಂದು ಮಣ್ಣಿನ ಕೆಳಗೆ ಬೂದುಬಣ್ಣದ ಜೇಡಿಯ ಪದರವೊಂದು ಕಾಣಿಸಿತು. ಅದರ ನೆತ್ತಿಯುದ್ದಕ್ಕೂ ಬೆರಳಗಲದ ಒದ್ದೆ ಗೆರೆ. ನನ್ನ ಮಾದರಿಯಲ್ಲಿ ಇಲ್ಲಿ ಜೇಡಿಯೇ ಇಲ್ಲ. ಪುರಸಭೆಯವರು ಪರೀಕ್ಷೆಗೆಂದು ಕೊಳವೆ ಇಳಿಸಿ ಮಣ್ಣು ತೆಗೆದದ್ದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಬೇಕರಿಯ ಬನ್ನಿನ ಚೀಲದಲ್ಲಿ ಒಂದು ಹಿಡಿ ಜೇಡಿ ತುಂಬಿಕೊಂಡು ಬಂದೆ. ಮಾವನವರು ಹಿಂದೆ ಬಂದರು. ನಾನು ತಿರುಗಿ ನೋಡದೆ ನಡೆದೆ.

ಫೆಬ್ರವರಿ ೨೬, ಬುಧವಾರ

ನಿರ್ದೇಶಕರು ಕರೆಸಿದರು. "ಪತ್ರಿಕೆಯವರು ಫೋನ್ ಮಾಡಿ ಚಿಲುಮೆ ಎಷ್ಟು ದೊಡ್ಡದು ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ ಅವರಿಗೆ?" ಎಂದರು. ಜೇಡಿಯ ವಿಷಯ ತೆಗೆದೆ. ಅದು ಅವರಿಗೆ ಬೇಕಾಗಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಗುಡ್ಡದ ಕೆಲಸ ಬೇರೆಯವರಿಗೆ ಹೋಗುತ್ತದಂತೆ.

ಮನೆಗೆ ಬಂದು ಮಾವನವರಿಗೆ ಹೇಳಿದೆ, "ಇನ್ಮೇಲೆ ನನ್ನ ಕೆಲಸದ ವಿಷಯ ನಿಮ್ಮ ಹತ್ರ ಮಾತಾಡಲ್ಲ."

"ಸರಿಯಮ್ಮಾ" ಎಂದರು. ಅಷ್ಟೇ. ಇಷ್ಟು ಚಿಕ್ಕ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ.

ಮಾರ್ಚ್ ೧, ಶನಿವಾರ

ಮನೆ ತಣ್ಣಗಿದೆ. ಹನಿ ಈಗ ಒಂದೂ ತಪ್ಪುವುದಿಲ್ಲ, ನೇರ ಕಣ್ಣಿಗೇ ಬೀಳುತ್ತದೆ. ಸಿಟ್ಟಿನಲ್ಲಿ ಗುರಿ ಚೆನ್ನಾಗಿರುತ್ತದೆ. ಮಾವನವರು ಬಟ್ಟೆ ಒಗೆಯುವ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಅದರ ಜೊತೆ ಮಾತಾಡುತ್ತಿದ್ದರು. "ನೀನಾದ್ರೂ ಗುಡುಗುಡು ಅಂತೀಯಲ್ಲ, ಅಷ್ಟು ಸಾಕು."

ನಿಶ್ಶಬ್ದ ಬೇಕು, ನಿಶ್ಶಬ್ದವಿದ್ದರೆ ಲೆಕ್ಕ ಸರಿಹೋಗುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆಯಿಂದ ಒಂದೇ ಸಾಲನ್ನು ಅಳಿಸಿ ಬರೆದು, ಬರೆದು ಅಳಿಸಿ ಕೂತಿದ್ದೇನೆ.

ಮಾರ್ಚ್ ೪, ಮಂಗಳವಾರ

ಪಟ್ಟಿ ಬಿಚ್ಚಿದರು. ಕಣ್ಣು ಚೆನ್ನಾಗಿದೆ, ಬೇಕಾದರೆ ಊರಿಗೆ ಹೋಗಬಹುದು ಎಂದರು ಡಾಕ್ಟರು. ಮಾವನವರು ನನ್ನ ಮುಖ ನೋಡಿದರು. ಈ ವಾರ ಬಸ್ಸುಗಳಲ್ಲಿ ವಿಪರೀತ ನೂಕುನುಗ್ಗಲು, ಹೊಸ ಕಣ್ಣಿಗೆ ಧೂಳು ಬೀಳುತ್ತದೆ ಎಂದು ತಿಳಿಸಿದೆ.

"ಮುಂದಿನ ವಾರ?" ಎಂದರು.

"ಮುಂದಿನ ವಾರಾನೂ ಇರುತ್ತೆ."

ಇದು ಸಾಮಾನ್ಯ ಜ್ಞಾನದ ವಿಷಯ.

ಮಾರ್ಚ್ ೬, ಗುರುವಾರ

ನೀರು ಸಿಕ್ಕಿತು.

ಬೆಳಿಗ್ಗೆ ರಜೆ ಹಾಕಿ ಮನೆಯಲ್ಲೇ ಕೂತಿದ್ದೆ. ಹತ್ತು ಗಂಟೆಗೆ ತಡೆಯಲಾಗಲಿಲ್ಲ. ವರಾಂಡಕ್ಕೆ ಹೋಗಿ, "ಮಾವ, ನೀವು ಏನೂ ಹೇಳ್ಬೇಡಿ, ಯಾರಿಗೂ ಹೇಳ್ಬೇಡಿ, ಸುಮ್ನೆ ಕೇಳ್ತಾ ಇರಿ" ಎಂದೆ. ಅವರು ಖುಷಿಯಿಂದ ಕುರ್ಚಿಯನ್ನು ಹಿಂದಿನ ಸಾಲಿಗೆ ಎಳೆದುಕೊಂಡರು.

ಮೊದಲಿನಿಂದ ಶುರುಮಾಡಿದೆ. "ಒಂದೊಂದು ಹೆಜ್ಜೆ ಶುರುವಾಗುವಾಗ ಈ ಪದರ ಇನ್ನೂ ಎಷ್ಟು ನೀರು ಹಿಡಿಯುತ್ತೆ ಅಂತ ನೋಡ್ತೀನಿ. ಅದನ್ನೇ ಇಟ್ಕೊಂಡು ಹೆಜ್ಜೆ ಮುಗಿಯೋವರೆಗೂ ಲೆಕ್ಕ ಹಾಕ್ತೀನಿ." ಕೊನೆಯ ಪದವನ್ನು ನುಂಗದೆ ಹೇಳಿದ್ದರಿಂದ ಅದು ಎದುರಿನ ಗೋಡೆಗೆ ಹೊಡೆದು ನನ್ನ ಕಿವಿಗೇ ವಾಪಸು ಬಂತು. ಹೆಜ್ಜೆ ಮುಗಿಯೋವರೆಗೂ. ಹೆಜ್ಜೆ ಮುಗಿಯುವಷ್ಟರಲ್ಲಿ ಮಣ್ಣು ಅದೇ ಮಣ್ಣಾಗಿ ಎಲ್ಲಿರುತ್ತದೆ? ಒಣಗಿದ್ದದ್ದು ನೆಂದಿರುತ್ತದೆ, ಹಿಡಿಯುವ ಶಕ್ತಿಯೇ ಬದಲಾಗಿರುತ್ತದೆ. ಆರಂಭದಲ್ಲಿ ಎಷ್ಟಿತ್ತು, ಕೊನೆಯಲ್ಲಿ ಎಷ್ಟಿದೆ ಎಂದು ನೀರನ್ನೇ ನೇರವಾಗಿ ಎಣಿಸುವುದು ಬಿಟ್ಟು, ಹಳೆಯ ಶಕ್ತಿಯನ್ನು ನಂಬಿ ಹೊರಟಿದ್ದೆ. ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಗುಟುಕು ಸೋರಿ ಹತ್ತು ಕೊಡ ಆಗಿತ್ತು.

ಒಳಗೆ ಓಡಿ ಬದಲಾಯಿಸಿದೆ. ಮಧ್ಯಾಹ್ನದೊಳಗೆ ನೂರಕ್ಕೆ ನೂರೂ ಲೆಕ್ಕ ಸಿಕ್ಕಿತು. ಪ್ರೋಗ್ರಾಮು ಎಲ್ಲೂ ಮುಗ್ಗರಿಸಲಿಲ್ಲ. ಹೇಳಲು ವರಾಂಡಕ್ಕೆ ಬಂದರೆ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಯಾವಾಗಿನಿಂದಲೋ.

ಸಂಜೆ ಇಸ್ತ್ರಿ ಬಟ್ಟೆ ತರಲು ಹೋದಾಗ ಆಕೆ ಹೇಳಿದಳು, "ನಿಮ್ಮ ಮಾವನವರು ಲೆಕ್ಕ ಸರಿಮಾಡಿ ಕೊಟ್ರಂತೆ?"

ಮಾರ್ಚ್ ೧೧, ಮಂಗಳವಾರ

ಬೇಕರಿ ಹಿತ್ತಲಿನ ಜೇಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆ ಪದರವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಮತ್ತೆ ಗುಡ್ಡ ಕಟ್ಟಿದೆ. ನೆತ್ತಿಯ ಹುಲ್ಲಿಗೆ ದಿನವೂ ನೀರು ಹಾಯಿಸಿದೆ. ನೀರು ಇಳಿದು ಬಂದು ಜೇಡಿಯ ಮೇಲೆ ನಿಂತಿತು, ನಿಂತಲ್ಲಿಂದ ಮೇಲೇರಿತು. ಎರಡನೆಯ ಮಳೆಗಾಲದಲ್ಲಿ ಬೇಕರಿ ಸಾಲಿನ ಬೆನ್ನಿಗಿರುವ ಭಾಗ ಜಾರುತ್ತದೆ. ನಾಲ್ಕು ರೀತಿಯಲ್ಲಿ ಲೆಕ್ಕ ಹಾಕಿದೆ. ನಾಲ್ಕರಲ್ಲೂ ಜಾರಿತು.

ಮಾವ ನಂಬಲಿಲ್ಲ. "ಇಷ್ಟು ವರ್ಷ ಮಳೆಯಲ್ಲಿ ನಿಂತಿದ್ದು ಹುಲ್ಲಿನ ನೀರಿಗೆ ಬೀಳುತ್ತಾ?" ಎಂದರು. ಎದುರು ಮನೆ ಕಟ್ಟುತ್ತಿದ್ದ ಕಡೆಯಿಂದ ಒಂದು ಬಕೆಟ್ ಮರಳು ತಂದು ಅಂಗಳದಲ್ಲಿ ಸುರಿದೆ. ಒಣ ಮರಳಿನಲ್ಲಿ ಗೋಪುರ ಮಾಡಿ ಎಂದೆ, ನಿಲ್ಲಲಿಲ್ಲ. ಸ್ವಲ್ಪ ನೀರು ಚಿಮುಕಿಸಿ ಲೋಟ ಕವುಚಿದೆ, ಗಟ್ಟಿಯಾಗಿ ನಿಂತಿತು. ಗುಡ್ಡವನ್ನು ಹಿಡಿದಿರುವ ಶಕ್ತಿಯೂ ಇದೇ, ಸಂದಿನ ಸ್ವಲ್ಪ ನೀರು ಕಣಗಳನ್ನು ಒಂದಕ್ಕೊಂದು ಎಳೆದುಕೊಂಡಿರುತ್ತದೆ ಎಂದೆ. ಆಮೇಲೆ ಅದರ ನೆತ್ತಿಗೆ ಚೊಂಬಿನಿಂದ ಸಣ್ಣಗೆ ಸುರಿಯುತ್ತ ಹೋದೆ. ಗೋಪುರ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಬದಿ ಬಿಟ್ಟು, ಮಾವನ ಚಪ್ಪಲಿಯ ಮೇಲೆ ಬಿತ್ತು.

"ಅಂದ್ರೆ, ಸ್ವಲ್ಪ ನೀರು ಅಂಟು, ಜಾಸ್ತಿ ನೀರು ಜಾರು" ಎಂದರು. ಚಪ್ಪಲಿ ಕೊಡವಲಿಲ್ಲ. "ಬೇಕರಿಯವನ ತಾಯಿ ಮಲಗೋದು ಆ ಹಿಂದಿನ ಗೋಡೆ ಪಕ್ಕದಲ್ಲೇ ಕಣಮ್ಮಾ. ಎದ್ದು ಓಡಾಡೋಕಾಗಲ್ಲ ಆಕೆಗೆ."

ಮಾರ್ಚ್ ೧೩, ಗುರುವಾರ

ನಿರ್ದೇಶಕರು ವರದಿ ಓದಿದರು. ತುಂಬ ಮೃದುವಾಗಿ ಮಾತಾಡಿದರು, ಅದೇ ಕೆಟ್ಟ ಲಕ್ಷಣ. ಪುರಸಭೆಗೆ ಆಗಲೇ ಬಾಯಿಮಾತಿನಲ್ಲಿ ಹೂಂ ಅಂದಿದ್ದಾರಂತೆ. "ಇಷ್ಟು ಹೆದರಿಸೋದು ಬೇಡ. ಹೀಗೆ ಬರೆಯೋಣ: ಸೂಕ್ತ ಚರಂಡಿ ವ್ಯವಸ್ಥೆ ಇರುವಲ್ಲಿ ಪರಿಣಾಮ ನಗಣ್ಯ." ಪಕ್ಕದಲ್ಲಿದ್ದ ನಗಣ್ಯರಿಗೆ ವಾಕ್ಯ ಹಿಡಿಸಿತು. ನಾನು "ನೋಡ್ತೀನಿ ಸಾರ್" ಎಂದು ಬಂದೆ.

ಮಾವನಿಗೆ ಓದಿ ಹೇಳಿದೆ.

"ಚರಂಡಿ ಇದೆಯಾ?"

"ಇಲ್ಲ. ನಕ್ಷೆಯಲ್ಲೂ ಇಲ್ಲ."

"ಹಾಗಾದ್ರೆ ಈ ವಾಕ್ಯ ಯಾವ ಗುಡ್ಡದ್ದು?"

ಅವರಿಗೆ ಊಟ ಬಡಿಸಿದೆ. ನನಗೆ ಹಸಿವಿರಲಿಲ್ಲ.

ಮಾರ್ಚ್ ೨೦, ಗುರುವಾರ

ಸಭೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಂಥ ಸಭೆಗಳಿಗೆ ಸಾಮಾನ್ಯವಾಗಿ ಬರುವುದು ಮೈಕಿನವನು, ಚಹಾದವನು, ಮತ್ತೆ ದಾರಿ ತಪ್ಪಿದ ಒಬ್ಬರು. ಇವತ್ತು ಪುರಸಭೆಯ ಸಭಾಂಗಣ ತುಂಬಿ ಕಿಟಕಿಗಳಲ್ಲೂ ತಲೆಗಳಿದ್ದವು. ಬೇಕರಿ ಸಾಲಿನವರು ಚಿಲುಮೆಯ ಪಾಲು ಕೇಳಲು ಬಂದಿದ್ದರು. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಾವ ಕೂತಿದ್ದರು. ಬಾಯಿ ಬಿಡುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು. ಹಾಗಾಗಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು.

ನಗಣ್ಯ ಚೆನ್ನಾಗಿಯೇ ಮಾತಾಡಿದರು. ಪರದೆಯ ಮೇಲೆ ನನ್ನ ಗುಡ್ಡ ಬಣ್ಣಬಣ್ಣವಾಗಿ ಹೊಳೆಯಿತು. ಕೊನೆಗೆ ಆ ವಾಕ್ಯ ಬಂತು.

ಬೇಕರಿಯವನು ಎದ್ದು ನಿಂತ. "ಸ್ವಾಮಿ, ನಗಣ್ಯ ಅಂದ್ರೆ ಎಷ್ಟು?"

ನಗಣ್ಯ ಕೈಯಲ್ಲಿದ್ದ ಕಾಗದ ಮಗುಚಿ ನೋಡಿದರು. ಇಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಇದನ್ನು ಕೇಳಿರಲಿಲ್ಲ. "ಲೆಕ್ಕ ಮಾಡಿದ್ದು ಮೇಡಂ. ಅವರೇ ಹೇಳ್ತಾರೆ" ಎಂದು ಮೈಕನ್ನು ನನ್ನತ್ತ ತಿರುಗಿಸಿದರು. ನಾನು ಎಂದಿನ ಹಾಗೆ ಏನೋ ಗೊಣಗುತ್ತೇನೆ, ಯಾರಿಗೂ ಕೇಳಿಸುವುದಿಲ್ಲ, ಸಭೆ ಮುಂದೆ ಹೋಗುತ್ತದೆ ಎಂದು ನಿರ್ದೇಶಕರೂ ಅಂದುಕೊಂಡಿದ್ದರೆಂದು ಕಾಣುತ್ತದೆ. ಅಷ್ಟರಲ್ಲಿ ಮೈಕು ಕೀರಲು ದನಿ ಮಾಡಿ ಸತ್ತಿತು.

ನಾನು ಹಿಂದಿನ ಸಾಲನ್ನು ನೋಡಿ ಮಾತಾಡಿದೆ.

"ಚರಂಡಿ ಇದ್ರೆ ನಗಣ್ಯ ಅಂತ ಅಲ್ಲಿ ಬರೆದಿದೆ. ಚರಂಡಿ ಇಲ್ಲ. ನಕ್ಷೆಯಲ್ಲೂ ಇಲ್ಲ. ನಿಮ್ಮ ಮನೆಗಳ ಹಿಂದೆ ಮಣ್ಣಿನ ಕೆಳಗೆ ಜೇಡಿ ಇದೆ, ಅವತ್ತು ಗುಂಡಿ ಕುಸಿದಾಗ ನೀವೇ ನೋಡಿದ್ದೀರಿ. ಮೇಲೆ ದಿನಾ ನೀರು ಹಾಕಿದ್ರೆ ಅದು ಆ ಜೇಡಿ ಮೇಲೆ ಬಂದು ನಿಲ್ಲುತ್ತೆ. ಮಣ್ಣನ್ನ ಹಿಡಿದಿಟ್ಟಿರೋ ಅಂಟು ಹೋಗುತ್ತೆ. ಎರಡನೇ ಮಳೆಗಾಲಕ್ಕೆ ಗುಡ್ಡ ಜಾರುತ್ತೆ."

ಪುರಸಭೆಯ ಅಧ್ಯಕ್ಷೆ ಕನ್ನಡಕ ಮೇಲೇರಿಸಿ, "ಸುತ್ತಿಬಳಸಿ ಬೇಡ. ಬೀಳುತ್ತೋ ಇಲ್ಲವೋ, ಒಂದು ಮಾತಲ್ಲಿ ಹೇಳಿ" ಎಂದರು.

"ಒಂದು ಮಾತಲ್ಲಿ ಹೇಳೋಕಾಗಲ್ಲ ಮೇಡಂ. ಆ ಸಾಲಿನ ಮನೆಯಲ್ಲಿ ನೀನು ಮಲಗ್ತೀಯಾ ಅಂತ ಕೇಳಿ, ಹೇಳ್ತೀನಿ."

"ಸರಿ, ಮಲಗ್ತೀರಾ?"

"ಮೇಲೆ ನೀರು ಹಾಯಿಸದಿದ್ರೆ ಮಲಗ್ತೀನಿ. ಹಾಯಿಸಿದ್ರೆ ಮಲಗಲ್ಲ. ಯಾರನ್ನೂ ಮಲಗೋಕೆ ಬಿಡಲ್ಲ."

ನಿರ್ದೇಶಕರು ತಮ್ಮ ಶೂಗಳನ್ನು ನೋಡುತ್ತಿದ್ದರು. ಅಧ್ಯಕ್ಷೆ ನಗಣ್ಯರತ್ತ ತಿರುಗಿ, "ನೀವು ಮಲಗ್ತೀರಾ?" ಎಂದರು.

ಪಾಪ, ಅವರು ಒಳ್ಳೆಯ ಮನುಷ್ಯ. ಪರದೆಯ ಮೇಲಿದ್ದ ತಮ್ಮ ಪದವನ್ನೇ ಸ್ವಲ್ಪ ಹೊತ್ತು ನೋಡಿ, "ಇಲ್ಲ" ಎಂದರು.

ಆಮೇಲೆ ಗದ್ದಲವೋ ಗದ್ದಲ. ಅಧ್ಯಕ್ಷೆ ಮೈದಾನದ ಕೆಲಸ ತಡೆಹಿಡಿದು, ಮೊದಲು ಚರಂಡಿಯ ನಕ್ಷೆ ತನ್ನಿ ಎಂದರು. ಇಸ್ತ್ರಿ ಅಂಗಡಿಯಾಕೆ, ಚಿಲುಮೆ ಇಲ್ಲವೆಂದು ಬರೆದುಕೊಡಿ ಎಂದು ಪಟ್ಟು ಹಿಡಿದಳು. ಮಾವ ಕೊನೆಯವರೆಗೂ ತುಟಿಯಿಂದ ಬೆರಳು ತೆಗೆಯಲಿಲ್ಲ. ಹೊರಗೆ ಬಂದ ಮೇಲೆ, "ಕೇಳಿಸ್ತಾ ಮಾವ?" ಎಂದೆ.

"ಬೀದಿವರೆಗೂ ಕೇಳಿಸ್ತು. ಕನ್ನಡಕದೊಳಗೆ ಏನೋ ಬಿತ್ತು ಕಣಮ್ಮಾ, ಸ್ವಲ್ಪ ನೋಡು" ಎಂದರು.

ನೋಡಿದೆ. ಏನೂ ಬಿದ್ದಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಡಾಕ್ಟರಿಗೆ ತೋರಿಸಬೇಕು.

ಮಾರ್ಚ್ ೨೧, ಶುಕ್ರವಾರ

ಗಂಟಲು ಕಟ್ಟಿದೆ. ನಿರ್ದೇಶಕರು ಕಾರಿಡಾರಿನಲ್ಲಿ ಎದುರಾಗಿ ನೋಟೀಸು ಬೋರ್ಡು ಓದುತ್ತ ನಿಂತರು. ಬೋರ್ಡು ಖಾಲಿಯಿತ್ತು. ನಗಣ್ಯ ನನಗೆ ಬಿಸಿನೀರು ತಂದುಕೊಟ್ಟರು. "ಕಳ್ಳ ನನ್ನ ಸ್ಕೂಟರ್ ಒಯ್ದಾಗ ನಿಜವಾಗಿ ತುಂಬ ಬೇಜಾರಾಗಿತ್ತು" ಎಂದು ಹೇಳಿ ಹೋದರು.

ಏಪ್ರಿಲ್ ೮, ಮಂಗಳವಾರ

ಚರಂಡಿ ತೋಡುತ್ತಿದ್ದಾರೆ. ಮೇಲೆ ಹುಲ್ಲಿಲ್ಲದ ಗಟ್ಟಿ ನೆಲದ ಮೈದಾನವಂತೆ. ಹತ್ತು ದಿನದ ಹಿಂದೆ ಗುಡ್ಡದ ಮೈಯಲ್ಲಿ ತೇವ ಅಳೆಯುವ ಕೊಳವೆಗಳನ್ನು ನೆಟ್ಟಿದ್ದೆವು. ಮೊನ್ನೆಯ ಅಕಾಲ ಮಳೆಯ ನೀರು ನನ್ನ ಲೆಕ್ಕಕ್ಕಿಂತ ಎರಡು ದಿನ ಮೊದಲೇ ಜೇಡಿ ಮುಟ್ಟಿದೆ. ಅಂದರೆ ನನ್ನ ಮಾದರಿ ತಪ್ಪು. ಮನೆಗೆ ಕುಣಿಯುತ್ತ ಬಂದು ಹೇಳಿದೆ.

"ತಪ್ಪಾಗಿದ್ದಕ್ಕೆ ಇಷ್ಟು ಸಂತೋಷಾನಾ?" ಎಂದರು ಮಾವ.

"ಎಷ್ಟು ತಪ್ಪು ಅಂತ ಗೊತ್ತಾಯ್ತಲ್ಲ ಮಾವ. ಇನ್ನು ಸರಿಮಾಡಬಹುದು."

ಬೇರುಗಳು ಬಿಟ್ಟ ಸಂದಿನಲ್ಲಿ ನೀರು ಅಡ್ಡದಾರಿ ಹಿಡಿದಿರಬೇಕು ಎಂದು ಊಟದ ತುಂಬ ಮಾತಾಡಿದೆವು. ಮಾವನಿಗೆ ಬೇರು ಸರಿ ಕಾಣಲಿಲ್ಲ. ಇಲಿಬಿಲ ಎನ್ನುತ್ತಾರೆ. ಅದಕ್ಕೆ ಯಾವ ಆಧಾರವೂ ಇಲ್ಲ ಎಂದು ಅವರ ಮುಖಕ್ಕೇ ಹೇಳಿದೆ. "ಬೇರಿಗೆ ಇದೆಯಾ?" ಎಂದರು. ಅದಕ್ಕೂ ಇಲ್ಲ. ಶನಿವಾರ ಇಬ್ಬರೂ ಹೋಗಿ ನೋಡುವುದೆಂದು ತೀರ್ಮಾನವಾಯಿತು.

ಏಪ್ರಿಲ್ ೨೭, ಭಾನುವಾರ

ಇವರು ಬಂದರು. ಲಿಫ್ಟು ಏರುತ್ತಿದೆ, ಇಳಿಯುತ್ತಿದೆ. ಮನೆಯಲ್ಲಿ ಏನೋ ಬದಲಾಗಿದೆ ಎಂದು ಸುತ್ತಮುತ್ತ ನೋಡುತ್ತಿದ್ದರು. ಏನೂ ಬದಲಾಗಿಲ್ಲ, ವರಾಂಡಕ್ಕೆ ಒಂದು ಕರಿಹಲಗೆ ಬಂದಿದೆ ಅಷ್ಟೇ. ಊಟದ ಮಧ್ಯೆ ಬೇರು ಮತ್ತು ಇಲಿಬಿಲದ ಮಾತು ಬಂದಾಗ, "ನೀವಿಬ್ಬರು ಯಾಕೆ ಹೀಗೆ ಕೂಗಾಡ್ತಿದ್ದೀರಿ?" ಎಂದು ಕೇಳಿದರು. ಯಾರೂ ಕೂಗಾಡುತ್ತಿರಲಿಲ್ಲ.

ಕೈ ತೊಳೆದುಕೊಂಡು ಬಂದು ಹೇಳಿದರು, "ಅಪ್ಪಾ, ಇನ್ನೇನು, ಕಣ್ಣು ಸರಿಹೋಯ್ತು. ಬುಧವಾರ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಇವಳಿಗೂ ತೊಂದರೆ ಆಗಿರುತ್ತೆ."

ಮಾವ ಎದ್ದು ಕೋಣೆಯ ಕಡೆ ಹೊರಟವರು ಬಾಗಿಲ ಬಳಿ ನಿಂತು ಚೀಲ ಎಲ್ಲಿಟ್ಟೆ ಎಂಬಂತೆ ನೋಡಿದರು. ಆಗ ನನಗೆ ನೆನಪಾಯಿತು. ರೈಲ್ವೆಯವರು ತಮ್ಮ ಹಳಿ ಹೊತ್ತ ಮಣ್ಣಿನ ಏರಿಯೊಂದನ್ನು ಪರೀಕ್ಷಿಸಲು ಕೇಳಿದ್ದಾರೆ, ಲೆಕ್ಕವನ್ನೂ ಮಂಡನೆಯನ್ನೂ ನಾನೇ ಮಾಡಬೇಕಂತೆ, ಶುಕ್ರವಾರ ನಿರ್ದೇಶಕರು ನೋಟೀಸು ಬೋರ್ಡಿನ ಕಡೆ ನೋಡದೆ ನನ್ನ ಕಡೆಯೇ ನೋಡಿ ಹೇಳಿದರು ಎಂದು ತಿಳಿಸಿದೆ.

ಮಾವ ತಿರುಗಿ, "ಎಷ್ಟು ತಿಂಗಳ ಕೆಲಸ?" ಎಂದರು.

"ಎಂಟು ತಿಂಗಳಾದ್ರೂ ಬೇಕು."

"ಹಾಗಾದ್ರೆ ಊರಲ್ಲಿರೋ ಮನೆ ಸುಮ್ನೆ ಬೀಗ ಹಾಕಿಡೋದ್ಯಾಕೆ, ಯಾರಿಗಾದ್ರೂ ಬಾಡಿಗೆಗೆ ಕೊಡೋದೇ ವಾಸಿ" ಎಂದು ವಾಪಸು ಬಂದು ಕೂತರು.

"ಇವಳ ಕೆಲಸಕ್ಕೂ ನೀವು ಇಲ್ಲಿರೋದಕ್ಕೂ ಏನಪ್ಪಾ ಸಂಬಂಧ?" ಎಂದರು ಇವರು. ನಾವಿಬ್ಬರೂ ಅವರನ್ನು ನೋಡಿದೆವು. ಲಿಫ್ಟಿನವರಿಗೆ ಇದೆಲ್ಲ ಹೇಗೆ ವಿವರಿಸುವುದು.

ನಿಜವಾಗಿ ನೋಡಿದರೆ ಏರಿಯದು ಮೂರು ತಿಂಗಳ ಕೆಲಸ. ಆದರೆ ಮಣ್ಣಿನ ವಿಷಯದಲ್ಲಿ ಆತುರಪಡಬಾರದು.